ಸಕ್ಕರೆ ಇಳಿಯಿತು, ಕಾಲು ಸೋತಿತು

ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಮಕ್ಕಳಿಗೆ ಅಂಕ ಹಾಕಿ ಹಾಕಿ ಕೈ ಸವೆದಿದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೇ ಯಾರೋ ಅಂಕ ಹಾಕುತ್ತಾರೆ, ಅದೂ ಹೆಚ್ಚು ಬಂದಷ್ಟೂ ಕೆಟ್ಟದ್ದೆನ್ನುವ ಪರೀಕ್ಷೆಯಲ್ಲಿ, ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕಳೆದ ಒಂದೂವರೆ ವರ್ಷದಲ್ಲಿ ಎರಡು ಕಡೆಯ ವೈದ್ಯರು ನನಗೆ ಎರಡು ಚೀಟಿ ಕೊಟ್ಟರು. ಒಂದರಲ್ಲಿ ‘ತೂಕ ಇಳಿಸಿ’ ಎಂದಿತ್ತು. ಇನ್ನೊಂದರಲ್ಲಿ ‘ಇನ್ನು ತೂಕ ಇಳಿಯಕೂಡದು’ ಎಂದಿತ್ತು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದುವವರು ಸಿಗುವ ಹೊತ್ತಿಗೆ ನನ್ನ ತೊಡೆ ಸಣಕಲಾಗಿತ್ತು. ಅರವತ್ತೈದು ದಾಟಿದವರು, ಅಂಥವರನ್ನು ಮನೆಯಲ್ಲಿಟ್ಟುಕೊಂಡವರು ನನ್ನಷ್ಟು ಅಲೆಯದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ನನಗೆ ಹೇಳಿದ ಪ್ರಮಾಣಗಳು ನನ್ನ ಮೈಗೆ ಹೇಳಿದವು ಎಂಬುದು ನೆನಪಿರಲಿ.

ಆರಂಭವಾದದ್ದು ಒಂದು ಹಾಳೆಯಿಂದ. ರಕ್ತದೊತ್ತಡದ ಮಾತ್ರೆಗಾಗಿ ವೈದ್ಯರನ್ನು ಕಾಣಲು ಹೋದಾಗ, ಕಾಯುವವರ ಕೈಗೆಲ್ಲ ನರ್ಸ್ ಒಂದು ಪ್ರಶ್ನಾವಳಿ ಕೊಡುತ್ತಿದ್ದರು. ಫಿಂಡ್‌ರಿಸ್ಕ್ ಎಂದು ಅದರ ಹೆಸರು. ಫಿನ್ಲೆಂಡಿನವರು ರೂಪಿಸಿ 2003ರಲ್ಲಿ ಪ್ರಕಟಿಸಿದ್ದು. ಮುಂದಿನ ಹತ್ತು ವರ್ಷಗಳಲ್ಲಿ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಎಷ್ಟು ಎಂದು ರಕ್ತ ತೆಗೆಯದೆಯೇ ಅಂದಾಜು ಮಾಡುವ ಎಂಟು ಪ್ರಶ್ನೆಗಳು. ಪೂರ್ಣಾಂಕ 26.

ಪೆನ್ನು ತೆಗೆದೆ. ವಯಸ್ಸು 64 ದಾಟಿದೆ, 4 ಅಂಕ. ಎತ್ತರ 168 ಸೆಂ.ಮೀ., ತೂಕ 74 ಕಿಲೋ, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ 26ರ ಮೇಲೆ ಚೂರು, 1 ಅಂಕ. ಸೊಂಟದ ಸುತ್ತಳತೆಗೆ ಪ್ಯಾಂಟಿನ ಅಳತೆಯನ್ನೇ ಬರೆದು ಶೂನ್ಯ ಹಾಕಿಕೊಂಡಿದ್ದೆ. ನರ್ಸ್ ನಕ್ಕು, ಪಕ್ಕೆಲುಬಿನ ಕೆಳಗೆ, ಹೊಕ್ಕುಳದ ಮಟ್ಟದಲ್ಲಿ ಟೇಪ್ ಸುತ್ತಿದರು. 97 ಸೆಂ.ಮೀ. ಗಂಡಸರಿಗೆ 94ರಿಂದ 102ರವರೆಗೆ 3 ಅಂಕ. ಹೊಟ್ಟೆಯ ಕೆಳಗೆ ಪ್ಯಾಂಟ್ ಕಟ್ಟುವವರೆಲ್ಲ ಈ ತಪ್ಪು ಮಾಡುತ್ತಾರಂತೆ. ದಿನಕ್ಕೆ ಅರ್ಧ ಗಂಟೆಯಾದರೂ ಮೈ ದಣಿಸುತ್ತೀರಾ? ಇಲ್ಲ, 2. ತರಕಾರಿ ಅಥವಾ ಹಣ್ಣು ಪ್ರತಿದಿನ ತಿನ್ನುತ್ತೀರಾ? ಪ್ರತಿದಿನ ಇಲ್ಲ, 1. ರಕ್ತದೊತ್ತಡದ ಮಾತ್ರೆ ಇದೆ, 2. ಹಿಂದೆ ಯಾವಾಗಲಾದರೂ ರಕ್ತದಲ್ಲಿ ಸಕ್ಕರೆ ಹೆಚ್ಚಿತ್ತೇ? ಇಲ್ಲ, 0. ಕುಟುಂಬದಲ್ಲಿ? ನನ್ನ ಅಣ್ಣನಿಗೆ ಇದೆ. ಒಡಹುಟ್ಟಿದವರಿಗಿದ್ದರೆ ಪೂರ್ತಿ 5.

ಒಟ್ಟು 18. ಹದಿನೈದರಿಂದ ಇಪ್ಪತ್ತರವರೆಗೆ ಬಂದರೆ ‘ಹೆಚ್ಚಿನ ಅಪಾಯ’. ಅಂಥ ಮೂವರಲ್ಲಿ ಸುಮಾರು ಒಬ್ಬರಿಗೆ ಹತ್ತು ವರ್ಷದೊಳಗೆ ಮಧುಮೇಹ ಬರುತ್ತದೆ. ಮೂವರಲ್ಲಿ ಒಬ್ಬ ಎನ್ನುವುದನ್ನು ಮಕ್ಕಳಿಗೆ ಸಂಭವನೀಯತೆಯ ಪಾಠದಲ್ಲಿ ನೂರು ಸಲ ಹೇಳಿದ್ದೇನೆ. ಬೆಂಚಿನಲ್ಲಿ ನನ್ನ ಎಡಬಲಕ್ಕೆ ಕುಳಿತಿದ್ದ ಇಬ್ಬರನ್ನು ನೋಡಿದೆ. ಆ ಒಬ್ಬ ನಾನೇ ಎಂದು ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು.

ಇಲ್ಲೊಂದು ಮಾತು. ಈ ಹಾಳೆ ಜ್ಯೋತಿಷ್ಯವೂ ಅಲ್ಲ, ರೋಗ ಪತ್ತೆಯೂ ಅಲ್ಲ. ಯಾರಿಗೆ ರಕ್ತಪರೀಕ್ಷೆ ಬೇಕು ಎಂದು ಸೋಸುವ ಜರಡಿ. ಸೊಂಟ ಮತ್ತು ಬಿಎಂಐಯ ಗಡಿಗಳು ಎಲ್ಲ ಜನಾಂಗದವರಿಗೂ ಒಂದೇ ಅಲ್ಲ, ಏಷ್ಯಾ ಮೂಲದವರಿಗೆ ಇನ್ನೂ ಕೆಳಗಿನ ಗಡಿಗಳನ್ನು ಬಳಸುವುದುಂಟು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ರಕ್ತಪರೀಕ್ಷೆಗೆ ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲಿ 112 ಬಂತು. 100ರಿಂದ 125 ಎಂದರೆ ಮಧುಮೇಹದ ಹೊಸ್ತಿಲು. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯ ಲೆಕ್ಕ, 6.1. ಅದಕ್ಕೆ 5.7ರಿಂದ 6.4 ಹೊಸ್ತಿಲು, 6.5 ಆದರೆ ಒಳಗೆ ಕಾಲಿಟ್ಟಂತೆ. ವಯಸ್ಸಾದವರಲ್ಲಿ ಊಟದ ನಂತರದ ಸಕ್ಕರೆಯೇ ಮೊದಲು ಏರುವುದು ಹೆಚ್ಚು, ಆದ್ದರಿಂದ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಪರೀಕ್ಷೆಯನ್ನೂ ಮಾಡೋಣ ಎಂದರು.

ಆ ಪರೀಕ್ಷೆಗೆ ನಾನು ಎರಡು ಸಲ ಹೋಗಬೇಕಾಯಿತು. ಮೊದಲ ದಿನ ಬೆಳಿಗ್ಗೆ ಎದ್ದವನೇ, ಕೈಗೆ ಅಭ್ಯಾಸವಾದ ಕೆಲಸ ನೋಡಿ, ಟೀ ಮಾಡಿಕೊಂಡು ಅರ್ಧ ಲೋಟ ಕುಡಿದ ಮೇಲೆ ನೆನಪಾಯಿತು. ಸುಳ್ಳು ಹೇಳೋಣವೇ ಎಂದು ದಾರಿಯುದ್ದಕ್ಕೂ ಯೋಚಿಸಿ, ಕೌಂಟರಿನ ಹುಡುಗಿ ಕೇಳಿದ ಕೂಡಲೇ ನಿಜ ಹೇಳಿಬಿಟ್ಟೆ. ಒಂಬತ್ತು ದಿನದ ನಂತರದ ಚೀಟಿ ಕೊಟ್ಟು ಕಳಿಸಿದಳು. ಆಕೆ ಹೇಳಿದ ಇನ್ನೊಂದು ವಿಷಯ ಒಳ್ಳೆಯದೇ ಆಯಿತು: ಪರೀಕ್ಷೆಗೆ ಮೊದಲಿನ ಮೂರು ದಿನ ಪಥ್ಯ ಮಾಡಬಾರದು, ಎಂದಿನಂತೆ ಅನ್ನವನ್ನೋ ಬ್ರೆಡ್ಡನ್ನೋ ತಿನ್ನಬೇಕು, ಇಲ್ಲದಿದ್ದರೆ ಫಲಿತಾಂಶ ಕೆಡುತ್ತದೆ. ನಾನಾಗಲೇ ಅನ್ನ ಬಿಟ್ಟು ನಾಲ್ಕು ದಿನವಾಗಿತ್ತು.

ಎರಡನೆಯ ಸಲ ಕೊಟ್ಟ 75 ಗ್ರಾಂ ಗ್ಲೂಕೋಸಿನ ನೀರು ಕುಡಿಯಲು ಐದು ನಿಮಿಷ ಸಮಯ. ಕೊನೆಯ ಗುಟುಕಿನ ಹೊತ್ತಿಗೆ ಹೊಟ್ಟೆ ತೊಳಸುತ್ತಿತ್ತು. ವಾಂತಿಯಾದರೆ ಮತ್ತೆ ಮೊದಲಿನಿಂದ ಎಂದು ಹೆದರಿಸಿದ್ದರಿಂದ ಹಲ್ಲು ಕಚ್ಚಿ ಕುಳಿತೆ. ಎರಡು ಗಂಟೆ ಓಡಾಡುವಂತಿಲ್ಲ, ತಿನ್ನುವಂತಿಲ್ಲ. ದಪ್ಪನೆಯ ಪುಸ್ತಕ, ಒಂದು ಶಾಲು, ಮುಗಿದ ಮೇಲೆ ತಿನ್ನಲು ಏನಾದರೂ ಒಯ್ಯಿರಿ. ಫಲಿತಾಂಶ 168. ಇದಕ್ಕೆ 140ರಿಂದ 199 ಹೊಸ್ತಿಲು. ಮೂರು ಪರೀಕ್ಷೆ, ಮೂರರಲ್ಲೂ ಒಂದೇ ಉತ್ತರ: ಮಧುಮೇಹವಿಲ್ಲ, ಆದರೆ ಬಾಗಿಲಲ್ಲಿ ನಿಂತಿದ್ದೀರಿ.

ವೈದ್ಯರ ಕೊಠಡಿಯಲ್ಲಿ ನನಗೆ ಸಿಕ್ಕಿದ್ದು ನಾಲ್ಕು ನಿಮಿಷ. ಹೊರಗೆ ಇನ್ನೂ ಮೂವತ್ತು ಜನ ಕಾದಿದ್ದರು, ಅವರನ್ನು ದೂರುವುದಿಲ್ಲ. ‘ತೂಕ ಇಳಿಸಿ, ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ನಡೆಯಿರಿ’ ಎಂದು ಚೀಟಿಯಲ್ಲಿ ಬರೆದು, ಕೆಳಗೆ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಸೇರಿಸಿದರು. ಎಷ್ಟು ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಕೇಳಿ. ಈ ಬರಹದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಮೇಷ್ಟ್ರ ಬುದ್ಧಿ ನೋಡಿ, ಗೋಡೆಗೆ ಗ್ರಾಫ್ ಕಾಗದ ಅಂಟಿಸಿ ಪ್ರತಿ ಭಾನುವಾರದ ತೂಕಕ್ಕೆ ಒಂದು ಚುಕ್ಕೆ ಇಡತೊಡಗಿದೆ. ಮೊದಲು ಸಿಹಿ ಹೋಯಿತು. ಆಮೇಲೆ ಅನ್ನ ಅರ್ಧವಾಯಿತು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಒಬ್ಬನಿಗಾಗಿ ರಾತ್ರಿ ಒಲೆ ಹಚ್ಚುವುದು ಬೇಸರದ ಕೆಲಸ. ಆರೋಗ್ಯದ ನೆಪ ಸಿಕ್ಕಿದ್ದೇ ರಾತ್ರಿಯ ಊಟವನ್ನೇ ತೆಗೆದುಹಾಕಿ ಒಂದು ಲೋಟ ಹಾಲಿಗೆ ಇಳಿದೆ. ಮಾತ್ರೆಯಿಂದ ಬಾಯಿಗೆ ಲೋಹದ ರುಚಿ ಬಂದು ಹಸಿವೂ ಸತ್ತಿತ್ತು. ಗ್ರಾಫಿನ ಗೆರೆ ಚೆನ್ನಾಗಿ ಇಳಿಯುತ್ತಿತ್ತು. ಏಳು ತಿಂಗಳಲ್ಲಿ 74ರಿಂದ 67.5. ಎಚ್‌ಬಿಎ1ಸಿ 5.8. ಕಂಡವರೆಲ್ಲ ಹೊಗಳಿದರು. ‘ಮೇಷ್ಟ್ರೇ, ಹತ್ತು ವರ್ಷ ಚಿಕ್ಕವರಾಗಿದ್ದೀರಿ’ ಎಂದರು ಹಳೆಯ ಸಹೋದ್ಯೋಗಿಯೊಬ್ಬರು. ಆ ಮಾತನ್ನು ಒಂದು ವಾರ ಮೆಲುಕು ಹಾಕಿದೆ.

ಅದೇ ವಾರವೇ ಇರಬೇಕು, ಜಾಡಿಯ ಮುಚ್ಚಳ ತೆರೆಯಲಾಗಲಿಲ್ಲ. ನಾನೇ ಹಿಂದಿನ ದಿನ ಮುಚ್ಚಿಟ್ಟದ್ದು. ಬಟ್ಟೆ ಸುತ್ತಿ ತಿರುಗಿಸಿದೆ, ಬಿಸಿ ನೀರು ಹಾಕಿದೆ, ಮುಚ್ಚಳ ಕೆಟ್ಟಿದೆ ಎಂದು ಬೈದೆ. ಪಕ್ಕದ ಮನೆಯ ಹದಿಮೂರರ ಹುಡುಗಿ ಬಂದು, ಮಾತಾಡುತ್ತಲೇ ತಿರುಗಿಸಿಕೊಟ್ಟಳು. ಆಮೇಲೆ ಗಮನಿಸಿದರೆ, ತಗ್ಗಿನ ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಿದ್ದೆ. ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಿದ್ದೆ. ರಸ್ತೆ ದಾಟುವಾಗ ಇನ್ನೂ ಮೂರು ಹೆಜ್ಜೆ ಇರುವಾಗಲೇ ದೀಪ ಬದಲಾಗುತ್ತಿತ್ತು. ದೀಪದ ಸಮಯ ಕಡಿಮೆ ಮಾಡಿದ್ದಾರೆಂದು ಪತ್ರ ಬರೆಯುವವನಿದ್ದೆ! ವಯಸ್ಸಾಯಿತು ಎಂದುಕೊಂಡರೆ ಎಲ್ಲಕ್ಕೂ ಉತ್ತರ ಸಿಕ್ಕಿಬಿಡುತ್ತದೆ. ಅದರಷ್ಟು ಸೋಮಾರಿ ಉತ್ತರ ಮತ್ತೊಂದಿಲ್ಲ.

ಕಂಡುಹಿಡಿದದ್ದು ಮಗಳು. ರಜೆಗೆ ಬಂದವಳು ನನ್ನ ಕೈಗಡಿಯಾರ ಮೊಣಕೈವರೆಗೆ ಜಾರುವುದನ್ನು ನೋಡಿ, ಬೆಲ್ಟಿಗೆ ನಾನೇ ಮೊಳೆಯಿಂದ ಹೊಡೆದ ಎರಡು ಹೊಸ ತೂತು ನೋಡಿ, ಗೋಡೆಯ ಗ್ರಾಫ್ ನೋಡಿ ಸುಮ್ಮನೆ ನಿಂತಳು. ನಾನು ಹೆಮ್ಮೆಯಿಂದ ವಿವರಿಸಿದೆ.

‘ಅಪ್ಪ, ಈ ಗೆರೆ ಎಲ್ಲಿ ನಿಲ್ಲುತ್ತದೆ?’ ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ.

ಹಿರಿಯರ ಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಯನ್ನು ಹುಡುಕಿದ್ದು ಅವಳೇ. ಸರದಿ ಸಿಕ್ಕಿದ್ದು ಆರು ವಾರದ ನಂತರ. ಆ ಆರು ವಾರ ಏನು ತಿನ್ನಬೇಕೆಂದೇ ತಿಳಿಯದೆ ಕಳೆದೆ. ತಿಂದರೆ ಸಕ್ಕರೆಯ ಭಯ, ಬಿಟ್ಟರೆ ಕಾಲಿನ ಭಯ. ಕಾಯುವ ಸಮಯ ನಿಮಗೂ ಬಂದರೆ ಮೂರು ದಿನದ ಊಟದ ಲೆಕ್ಕ ಬರೆದಿಡಿ, ಅದರಲ್ಲಿ ಒಂದು ರಜಾದಿನವಿರಲಿ. ಹೋಗುವಾಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಪಟ್ಟಿ ಮಾಡುವ ಬದಲು ಚೀಲಕ್ಕೇ ತುಂಬಿ ಒಯ್ಯಿರಿ. ಹಳೆಯ ತೂಕದ ದಾಖಲೆ ಬಹಳ ಮುಖ್ಯ: ಒಂದು ವರ್ಷದಲ್ಲಿ ಎಷ್ಟು ಇಳಿದಿದ್ದೀರಿ ಎಂಬುದೇ ಅವರ ಮೊದಲ ಪ್ರಶ್ನೆ. ನನ್ನ ಗ್ರಾಫ್ ಕಾಗದವನ್ನು ಸುರುಳಿ ಸುತ್ತಿ ಒಯ್ದಿದ್ದೆ, ಇಡೀ ವಿಭಾಗ ಅದನ್ನು ನೋಡಿತು. ದಿನಾ ಹಾಕುವ ಚಪ್ಪಲಿಯೇ ಕಾಲಲ್ಲಿರಲಿ, ಕನ್ನಡಕ ಮರೆಯಬೇಡಿ. ಕಟ್ಟಿಸಿಕೊಂಡ ಹಲ್ಲಿದ್ದರೆ ಅದು ಡಬ್ಬಿಯಲ್ಲಿರದೆ ಬಾಯಲ್ಲಿರಬೇಕು. ಈ ಕೊನೆಯದರ ಕಥೆ ಮುಂದೆ ಬರುತ್ತದೆ.

ಅಲ್ಲಿ ಮತ್ತೆ ಪರೀಕ್ಷೆ, ಮತ್ತೆ ಅಂಕ. ಕುರ್ಚಿಯಲ್ಲಿ ಕೂರಿಸಿ, ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಡೈನಮೋಮೀಟರ್ ಎಂಬ ಹಿಡಿಯನ್ನು ಮೂರು ಸಲ ಹಿಸುಕಲು ಹೇಳಿದರು. ಬಲಗೈಯ ಅತ್ಯುತ್ತಮ ಪ್ರಯತ್ನ 24 ಕಿಲೋ. ಯುರೋಪಿನ ತಜ್ಞರ ಮಾನದಂಡದಲ್ಲಿ ಗಂಡಸರಿಗೆ 27ಕ್ಕಿಂತ, ಏಷ್ಯಾದವರದ್ದರಲ್ಲಿ 28ಕ್ಕಿಂತ ಕಡಿಮೆಯಾದರೆ ಹಿಡಿತ ಸೋತಂತೆ. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು: 17 ಸೆಕೆಂಡ್. ಹದಿನೈದನ್ನು ದಾಟಬಾರದಿತ್ತು. ನಾಲ್ಕು ಮೀಟರ್ ನಡೆಯಲು 5.2 ಸೆಕೆಂಡ್. ಸೆಕೆಂಡಿಗೆ 0.77 ಮೀಟರ್ ಎಂದು ನಾನೇ ಲೆಕ್ಕ ಹೇಳಿದೆ. 0.8 ಗಡಿ ಎಂದು ಅವರು ಹೇಳಿದರು. ಸಿಗ್ನಲ್ ದೀಪದವರಿಗೆ ಪತ್ರ ಬರೆಯದಿದ್ದದ್ದು ಒಳ್ಳೆಯದಾಯಿತು.

ಕೊನೆಗೊಂದು ಪ್ರಶ್ನೆ. ಕಳೆದ ವಾರದಲ್ಲಿ ಎಷ್ಟು ದಿನ, ಏನು ಮಾಡಲು ಹೋದರೂ ಭಾರ ಎನ್ನಿಸಿತು? ‘ನಾಲ್ಕು ದಿನ’ ಎಂದೆ. ಹೇಳುವಾಗ ಗಂಟಲು ಕಟ್ಟಿತು, ಯಾಕೆಂದು ಗೊತ್ತಿಲ್ಲ. ವೈದ್ಯೆ ಬರೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಾದರು. ಹೆಂಡತಿಯ ಬಗ್ಗೆ, ಊಟಕ್ಕೆ ಜೊತೆ ಯಾರಿರುತ್ತಾರೆ ಎಂಬ ಬಗ್ಗೆ ಕೇಳಿದರು. ಒಂದೂವರೆ ವರ್ಷದಲ್ಲಿ ಅದನ್ನು ಕೇಳಿದ ವೈದ್ಯರು ಅವರೊಬ್ಬರೇ.

ನನಗಿರುವುದಕ್ಕೆ ಹೆಸರಿದೆ ಎಂದರು: ಫ್ರೇಲ್ಟಿ. ನಮ್ಮ ಮಾತಿನಲ್ಲಿ ನಿತ್ರಾಣ ಎನ್ನಬಹುದು, ಆದರೆ ಅದಕ್ಕಿಂತ ಖಚಿತವಾದ ಅರ್ಥ ಇದಕ್ಕಿದೆ: ಸಣ್ಣ ಜ್ವರ, ಸಣ್ಣ ಬೀಳುವಿಕೆ ಬಂದರೂ ಮೊದಲಿನಂತೆ ಎದ್ದು ಬರಲು ಬೇಕಾದ ಮೀಸಲು ಶಕ್ತಿ ತೀರಿರುವ ಸ್ಥಿತಿ. 2001ರಲ್ಲಿ ಪ್ರಕಟವಾದ, ಫ್ರೀಡ್ ಮತ್ತು ಸಂಗಡಿಗರ ಮಾನದಂಡದಲ್ಲಿ ಐದು ಲಕ್ಷಣಗಳಿವೆ: ತಾನಾಗಿ ತೂಕ ಇಳಿಯುವುದು, ಸದಾ ದಣಿವು, ಸೋತ ಹಿಡಿತ, ನಿಧಾನ ನಡಿಗೆ, ಕಡಿಮೆಯಾದ ಚಟುವಟಿಕೆ. ಮೂರಿದ್ದರೆ ಫ್ರೇಲ್ಟಿ, ಒಂದೋ ಎರಡೋ ಇದ್ದರೆ ಅದರ ಹೊಸ್ತಿಲು. ದಣಿವು, ಹಿಡಿತ ಎರಡಕ್ಕೂ ತಕರಾರಿರಲಿಲ್ಲ. ನಡಿಗೆ ಗಡಿಯ ಆಸುಪಾಸಿನಲ್ಲಿತ್ತು. ‘ತೂಕ ನಾನಾಗಿ ಇಳಿಸಿದ್ದು, ತಾನಾಗಿ ಇಳಿದದ್ದಲ್ಲ’ ಎಂದು ವಾದಿಸಿದೆ. ‘ಮೊದಲ ಎರಡು ಕಿಲೋ ನೀವು ಇಳಿಸಿದ್ದು ಸರ್. ಹಸಿವೇ ಇಲ್ಲದೆ ಹೋದದ್ದನ್ನು ಯಾರ ಲೆಕ್ಕಕ್ಕೆ ಹಾಕಲಿ?’ ಎಂದರು.

ನಾನು ಜೇಬಿನಿಂದ ಹಳೆಯ ಚೀಟಿ ತೆಗೆದು ಅವರ ಮುಂದಿಟ್ಟೆ. ಅದರಲ್ಲಿ ‘ತೂಕ ಇಳಿಸಿ’ ಎಂದಿದೆಯಲ್ಲ, ಯಾರ ಮಾತು ಕೇಳಲಿ?

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಮಧುಮೇಹ ತಡೆಯಲು ತೂಕ ಇಳಿಸುವ ಸಲಹೆ ತಪ್ಪಲ್ಲ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಶೇ 7ರಷ್ಟು ತೂಕ ಇಳಿಸುವ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮದ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಶೇ 58ರಷ್ಟು ಕಡಿಮೆಯಾಯಿತು. ಅರವತ್ತು ದಾಟಿದವರಲ್ಲಿ ಶೇ 71ರಷ್ಟು. ಮೆಟ್‌ಫಾರ್ಮಿನ್ ಒಟ್ಟಾರೆ ಶೇ 31ರಷ್ಟು ತಡೆದರೂ ಅರವತ್ತು ದಾಟಿದವರಲ್ಲಿ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಆದರೆ ಅಲ್ಲಿನವರಲ್ಲಿ ಹೆಚ್ಚಿನವರು ಸ್ಥೂಲಕಾಯದವರು, ನಡೆದು ದಣಿದು ಇಳಿಸಿದವರು. ನಾನು ಅಷ್ಟೇನೂ ದಪ್ಪಗಿಲ್ಲದವನು, ಕುಳಿತಲ್ಲೇ ಹಸಿದು ಇಳಿಸಿದೆ. ಹಾಗೆ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಈ ವಯಸ್ಸಿನಲ್ಲಿ ಹೋದದ್ದು ಸುಲಭಕ್ಕೆ ಮರಳುವುದಿಲ್ಲ. ತಮಾಷೆ ಎಂದರೆ, ಇನ್ಸುಲಿನ್ ರಕ್ತದಲ್ಲಿರುವ ಗ್ಲೂಕೋಸನ್ನು ಮುಖ್ಯವಾಗಿ ತುಂಬುವ ಗೋದಾಮು ಈ ಸ್ನಾಯುವೇ. ಸರಕು ಹೆಚ್ಚಾಯಿತೆಂದು ನಾನು ಗೋದಾಮನ್ನೇ ಕೆಡವುತ್ತಿದ್ದೆ.

ಮಾತ್ರೆಯನ್ನು ಅವರೇ ನಿಲ್ಲಿಸಿದರು. ನೀವಾಗಿ ನಿಲ್ಲಿಸಬೇಡಿ, ಬಾಯಿ ಕೆಟ್ಟಿದೆ, ಹಸಿವಿಲ್ಲ ಎಂದು ಹೇಳಿ, ಕೇಳಿ. ಅದನ್ನು ಬಹುಕಾಲ ತೆಗೆದುಕೊಳ್ಳುವವರು ಬಿ12 ಪರೀಕ್ಷೆಯನ್ನೂ ಕೇಳಬೇಕಂತೆ. ನನ್ನದು ಸರಿಯಿತ್ತು. ಥೈರಾಯ್ಡ್, ರಕ್ತದ ಕಬ್ಬಿಣಾಂಶ, ವಿಟಮಿನ್ ಡಿ ಎಲ್ಲವನ್ನೂ ನೋಡಿದರು. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿಯ ಅಂಕಿಯೇ ದಾರಿ ತಪ್ಪಿಸಬಹುದು ಎಂಬುದು ಅಲ್ಲಿ ತಿಳಿದ ಹೊಸ ವಿಷಯ.

ಇನ್ನೊಂದು ಅಡಚಣೆ ಮೂತ್ರಪಿಂಡದ್ದು. ಪ್ರೊಟೀನ್ ಹೆಚ್ಚಿಸುವ ಮೊದಲು ಮೂತ್ರಪಿಂಡ ಚೆನ್ನಾಗಿದೆಯೇ ಎಂದು ಖಾತ್ರಿಯಾಗಬೇಕು. ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ನನ್ನಲ್ಲಿ ಏಳು ತಿಂಗಳಲ್ಲಿ ಇಳಿದಿತ್ತು, ಅದೂ ಪಥ್ಯದ ಪುಣ್ಯ ಎಂದುಕೊಂಡಿದ್ದೆ. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ, ಸ್ನಾಯು ಕರಗಿದವರಲ್ಲಿ ಅದು ಕಡಿಮೆ ಕಂಡು ಮೂತ್ರಪಿಂಡ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂದರು ವೈದ್ಯೆ. ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಬೇಕಾಯಿತು. ಅದು ಎಲ್ಲ ಪ್ರಯೋಗಾಲಯಗಳಲ್ಲೂ ಇಲ್ಲ, ಕ್ರಿಯಾಟಿನಿನ್‌ಗಿಂತ ದುಬಾರಿ. ಮಾದರಿಯನ್ನು ಬೇರೆಡೆಗೆ ಕಳಿಸಿ ವರದಿ ಬರಲು ಎಂಟು ದಿನ ಹಿಡಿಯಿತು. ಪುಣ್ಯಕ್ಕೆ ತೊಂದರೆಯಿರಲಿಲ್ಲ. ಮೂತ್ರಪಿಂಡ ತೀರಾ ಸೋತವರಿಗೆ ಮುಂದಿನ ಲೆಕ್ಕ ಅನ್ವಯಿಸುವುದಿಲ್ಲ, ಅವರ ದಾರಿಯೇ ಬೇರೆ.

ಆಮೇಲೆ ಡಯಟಿಷಿಯನ್. ಇಪ್ಪತ್ತೇಳರ ಹುಡುಗಿ, ನನ್ನ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವಳು. ನನ್ನ ಮೂರು ದಿನದ ಲೆಕ್ಕವನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಹೋದಳು. ಬೆಳಿಗ್ಗೆ 9 ಗ್ರಾಂ ಪ್ರೊಟೀನ್, ಮಧ್ಯಾಹ್ನ 22, ಸಂಜೆ 2, ರಾತ್ರಿ 8. ಒಟ್ಟು 41. ಕೆಂಪು ಪೆನ್ನಿನ ಆ ಬದಿಯಲ್ಲಿ ನಾನು ಕುಳಿತದ್ದು ಐವತ್ತು ವರ್ಷದ ನಂತರ.

ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ, ಕಾಯಿಲೆಯಿದ್ದವರಿಗೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು ಎನ್ನುವುದು 2013ರಲ್ಲಿ ತಜ್ಞರ ತಂಡವೊಂದು ಮಾಡಿದ ಶಿಫಾರಸು. ನನಗೆ ಸಿಗುತ್ತಿದ್ದದ್ದು 0.6. ಅವಳು ಇಟ್ಟ ಗುರಿ 80 ಗ್ರಾಂ. ಅದನ್ನು ಒಂದೇ ಊಟದಲ್ಲಿ ತುಂಬುವಂತಿಲ್ಲ. ವಯಸ್ಸಾದ ಸ್ನಾಯು ಸ್ವಲ್ಪ ಕಿವುಡು, ಒಂದು ಹೊತ್ತಿಗೆ 25 ಗ್ರಾಮಿನಷ್ಟಾದರೂ ಕೊಟ್ಟರೆ ಮಾತ್ರ ಕೇಳಿಸಿಕೊಳ್ಳುತ್ತದೆ. ಮೊಟ್ಟೆಗೆ 6 ಗ್ರಾಂ, ಲೋಟ ಹಾಲಿಗೆ 6 ಅಥವಾ 7, ನೂರು ಗ್ರಾಂ ಮೀನಿಗೆ ಸುಮಾರು 20, ಬೆಂದ ಗಟ್ಟಿ ಬೇಳೆ ನೂರು ಗ್ರಾಮಿಗೆ 9 ಎಂದು ಬರೆಸಿದಳು. ‘ಗಟ್ಟಿ’ ಎಂಬ ಪದದ ಕೆಳಗೆ ಎರಡು ಗೆರೆ. ನಾನು ಬೇಳೆ ಎಂದು ಬರೆದದ್ದೆಲ್ಲ ಬೇಳೆ ಮುಳುಗಿ ಹೋದ ನೀರು ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು.

ತಟ್ಟೆಯಿಂದ ಅನ್ನವನ್ನು ಅವಳು ಓಡಿಸಲಿಲ್ಲ. ಮೊದಲು ತರಕಾರಿ, ಬೇಳೆ ಅಥವಾ ಮೊಟ್ಟೆ ತಿಂದು ಅನ್ನವನ್ನು ಕೊನೆಗೆ ತಿನ್ನಿ, ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ ಎಂದಳು. ಬಿಡಬೇಕಾದದ್ದು ಬೇರೆಯೇ ಇತ್ತು. ನನ್ನ ಲೆಕ್ಕದಲ್ಲಿ ಮೂರು ದಿನವೂ ಟೀಯಲ್ಲಿ ಅದ್ದಿದ ಬಿಸ್ಕತ್ತು, ಹಾಲಲ್ಲಿ ನೆನೆಸಿದ ಬ್ರೆಡ್ಡು, ಮೆತ್ತಗಿನ ಅನ್ನ. ಕಾಳಿಲ್ಲ, ಹಸಿ ತರಕಾರಿಯಿಲ್ಲ, ಹಣ್ಣೆಂದರೆ ಬಾಳೆಹಣ್ಣು ಮಾತ್ರ. ಪೆನ್ನು ಕೆಳಗಿಟ್ಟು ಕೇಳಿದಳು:

‘ಸರ್, ಸೇಬು ಕಚ್ಚಿ ತಿಂದು ಎಷ್ಟು ದಿನವಾಯಿತು?’

ನಾಲ್ಕು ವರ್ಷವಾಗಿತ್ತು. ನನ್ನ ಮೇಲಿನ ಹಲ್ಲಿನ ಸೆಟ್ ಸಡಿಲವಾಗಿ, ಅಗಿಯುವಾಗ ಎಡಭಾಗ ಮೇಲೆದ್ದು ಒಸಡಿಗೆ ಚುಚ್ಚುತ್ತಿತ್ತು. ನಾಲಿಗೆಯಿಂದ ಒತ್ತಿ ಹಿಡಿದುಕೊಳ್ಳುವುದನ್ನು ಕಲಿತಿದ್ದೆ. ಮಾತಾಡಲು ಸಾಕು, ತಿನ್ನಲು ಸಾಲದು. ಮನೆಯಲ್ಲಿ ತೆಗೆದು ಡಬ್ಬಿಯಲ್ಲೇ ಇಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಮೆತ್ತಗಿರುವುದೆಲ್ಲ ಬೇಗ ಸಕ್ಕರೆಯಾಗುವುದು, ಗಟ್ಟಿಯಿರುವುದೆಲ್ಲ ಪ್ರೊಟೀನು ಅಥವಾ ನಾರು. ನನ್ನ ತಟ್ಟೆಯನ್ನು ಆರಿಸುತ್ತಿದ್ದದ್ದು ನನ್ನ ಒಸಡು. ರಕ್ತದಲ್ಲಿ ಸಕ್ಕರೆ ಏರಿದ್ದಕ್ಕೂ ತೊಡೆ ಕರಗಿದ್ದಕ್ಕೂ ಇದೊಂದೇ ಕಾರಣವೆಂದು ಹೇಳಲಾರೆ. ಆದರೆ ಹದಿನೆಂಟು ಅಂಕದ ಹಾಳೆಯಲ್ಲಾಗಲಿ, ನಾಲ್ಕು ನಿಮಿಷದ ಕೊಠಡಿಯಲ್ಲಾಗಲಿ ಹಲ್ಲಿನ ಪ್ರಶ್ನೆಯೇ ಇರಲಿಲ್ಲ.

ಹೊಸ ಸೆಟ್ಟಿಗೆ ಐದು ವಾರ, ನಾಲ್ಕು ಭೇಟಿ. ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಖರ್ಚಾದದ್ದು ಇಲ್ಲೇ. ರಕ್ತಪರೀಕ್ಷೆಗಳೆಲ್ಲ ಸೇರಿದರೂ ಅದರ ಅರ್ಧವಾಗಲಿಲ್ಲ. ವ್ಯರ್ಥವಾಗಿ ಹೋದ ಹಣವೆಂದರೆ ಒಂದು ದೊಡ್ಡ ಡಬ್ಬಿ ಪ್ರೊಟೀನ್ ಪುಡಿ. ಡಯಟಿಷಿಯನ್ ಹೇಳುವ ಮೊದಲೇ ಅಂಗಡಿಯವನ ಮಾತು ಕೇಳಿ ಕೊಂಡದ್ದು. ಮನೆಗೆ ತಂದು ಓದಿದರೆ ಅದರಲ್ಲಿ ಸಕ್ಕರೆಯೇ ಹೆಚ್ಚು. ಕೊಳ್ಳುವುದಾದರೆ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಮಗಳ ಏಳು ದಿನದ ರಜೆಯನ್ನು ಯಾವ ಲೆಕ್ಕಕ್ಕೆ ಬರೆಯಬೇಕೋ ತಿಳಿಯದು.

ವ್ಯಾಯಾಮದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಬೇಸರದ ಕೆಲಸ, ಬೇಸರಪಟ್ಟುಕೊಂಡೇ ಮಾಡಬೇಕು. ವಾರಕ್ಕೆ ಮೂರು ದಿನ ಕುರ್ಚಿಯಿಂದ ಏಳುವುದು ಕೂರುವುದು, ರಬ್ಬರ್ ಪಟ್ಟಿ ಎಳೆಯುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಪ್ರೊಟೀನ್ ಎಷ್ಟೇ ತಿಂದರೂ ಸ್ನಾಯುವಿಗೆ ಕೆಲಸ ಕೊಡದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ ಎಂದು ಫಿಸಿಯೊಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರು. ಮೊದಲ ಹತ್ತು ದಿನ ಮೆಟ್ಟಿಲಿಳಿಯುವಾಗ ತೊಡೆ ಕಿರುಚುತ್ತಿತ್ತು. ಊಟವಾದ ಮೇಲೆ ಹತ್ತು ನಿಮಿಷ ನಡಿಗೆ. ಮಧ್ಯಾಹ್ನದ ಊಟವನ್ನು ವಾರಕ್ಕೆ ಮೂರು ದಿನ ನಿವೃತ್ತ ಸಹೋದ್ಯೋಗಿಯ ಜೊತೆ ಮಾಡುತ್ತೇನೆ. ಅವರು ಒಂದು ದಿನ ಅಡುಗೆ ಮಾಡಿದರೆ ನಾನೊಂದು ದಿನ. ಅವರ ಅಡುಗೆಯಲ್ಲಿ ಉಪ್ಪು ಹೆಚ್ಚು. ಆದರೂ ತಟ್ಟೆ ಖಾಲಿಯಾಗುತ್ತದೆ.

ಆರು ತಿಂಗಳ ನಂತರ ಮತ್ತೆ ಪರೀಕ್ಷೆ. ತೂಕ 69.8, ಸೊಂಟ 93. ಹಿಡಿತ 28. ಐದು ಸಲ ಎದ್ದು ಕೂರಲು 13 ಸೆಕೆಂಡ್. ನಡಿಗೆ 0.95. ಎಚ್‌ಬಿಎ1ಸಿ 6.0. ಅಂದರೆ 5.8ರಿಂದ ಮೇಲೆ ಹೋಗಿದೆ! ನಾನು ಮುಖ ಸಪ್ಪಗೆ ಮಾಡಿಕೊಂಡದ್ದನ್ನು ನೋಡಿ ವೈದ್ಯೆ, 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ನೆನಪಿಸಿದರು. ಎಪ್ಪತ್ತೈದರ ಆಸುಪಾಸಿನವರನ್ನು ಐದಾರು ವರ್ಷ ಹಿಂಬಾಲಿಸಿದಾಗ, ಎಚ್‌ಬಿಎ1ಸಿ ಹೊಸ್ತಿಲಿನಲ್ಲಿದ್ದವರ ಪೈಕಿ ಮಧುಮೇಹಕ್ಕೆ ದಾಟಿದವರು ಶೇ 9, ಸಹಜ ಮಟ್ಟಕ್ಕೆ ಮರಳಿದವರು ಶೇ 13. ‘ಹೊಸ್ತಿಲಲ್ಲಿ ಗಟ್ಟಿಯಾಗಿ ನಿಲ್ಲುವ ಕಾಲಿದ್ದರೆ ನನಗೆ ಚಿಂತೆಯಿಲ್ಲ’ ಎಂದರು. ವರ್ಷಕ್ಕೊಮ್ಮೆ ಸಕ್ಕರೆ, ಆರು ತಿಂಗಳಿಗೊಮ್ಮೆ ಹಿಡಿತ ಮತ್ತು ತೂಕ ಎಂದು ಬರೆದುಕೊಟ್ಟರು. ತೂಕ 68ಕ್ಕಿಂತ ಇಳಿದರೆ ಕಾಯದೆ ಬನ್ನಿ ಎಂದೂ ಸೇರಿಸಿದರು. ಗೆರೆ ಎಲ್ಲಿ ನಿಲ್ಲುತ್ತದೆ ಎಂಬ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಮನೆಗೆ ಬಂದು ಫಿಂಡ್‌ರಿಸ್ಕ್ ಹಾಳೆಯನ್ನು ಮತ್ತೆ ತುಂಬಿದೆ. ವಯಸ್ಸಿಗೆ 4, ಅದು ಹೋಗುವಂತಿಲ್ಲ. ಬಿಎಂಐ 24.7, ಶೂನ್ಯ. ಸೊಂಟ ಶೂನ್ಯ, ವ್ಯಾಯಾಮ ಶೂನ್ಯ, ತರಕಾರಿ ಶೂನ್ಯ. ರಕ್ತದೊತ್ತಡದ ಮಾತ್ರೆ 2, ಅಣ್ಣ 5. ಇನ್ನೊಂದು ಪ್ರಶ್ನೆ ಉಳಿಯಿತು: ಹಿಂದೆ ಯಾವಾಗಲಾದರೂ ಸಕ್ಕರೆ ಹೆಚ್ಚಿತ್ತೇ? ಈಗ ಹೌದು, 5. ಒಟ್ಟು 16. ಇಷ್ಟೆಲ್ಲ ಮಾಡಿ ಇಳಿದದ್ದು ಎರಡು ಅಂಕ. ಈಗಲೂ ‘ಹೆಚ್ಚಿನ ಅಪಾಯ’ದ ಸಾಲಿನಲ್ಲೇ ಇದ್ದೇನೆ. ಪ್ರಶ್ನೆಪತ್ರಿಕೆ ತಯಾರಿಸಿದವರ ಜೊತೆ ಜಗಳವಾಡಬೇಕು ಎನ್ನಿಸಿತು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಮಕ್ಕಳ ಸಂಕಟ ಈಗ ಅರ್ಥವಾಗುತ್ತಿದೆ.

ಮಗಳು ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಖಾಲಿ ಪ್ರತಿಯೊಂದನ್ನು ತಾನೂ ತುಂಬಲು ಕುಳಿತಳು. ಅವಳಿಗೆ ನಲವತ್ತಾರು. ‘ದೊಡ್ಡಪ್ಪನಿಗೆ ಮೂರು ಅಂಕ ತಾನೇ?’ ಎಂದಳು. ಹೌದು ಎಂದೆ. ಟೇಪ್ ತೆಗೆದುಕೊಂಡು ಒಳಗೆ ಹೋದಳು. ಹೊಕ್ಕುಳದ ಮಟ್ಟದಲ್ಲಿ ಎಂದು ಇಲ್ಲಿಂದಲೇ ಕೂಗಿ ಹೇಳಿದೆ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಹಾಳೆಯನ್ನು ನಾಲ್ಕಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.

‘ಎಷ್ಟು ಬಂತು?’

‘ಹೇಳುವುದಿಲ್ಲ, ಅಪ್ಪ. ನೀವು ಮೊದಲು ಆ ಬೇಳೆ ಮುಗಿಸಿ.’